ಮೇಜಿನ ಮೇಲಿನ ಮೊಬೈಲು

ಸಂಗಮೇಶ ಕಂಪ್ಯೂಟರಿನಲ್ಲಿ ‘ಕಳಿಸು’ ಒತ್ತಿದ. ಪ್ರತಿಸಲ ಗುರ್ ಅನ್ನುತ್ತಿದ್ದ ಟೆಸ್ಟಿಂಗ್ ಮೊಬೈಲು ಈ ಸಲ ಮೇಜಿನ ಮೇಲೆ ಅಲುಗಾಡದೆ ಬಿದ್ದಿತ್ತು. ಹಾಗಾದರೆ ಮೆಸೇಜು ಹೋದದ್ದೆಲ್ಲಿಗೆ?

ರೋಗಿಗಳ ಮನೆಯವರಿಗೆ ಮೆಸೇಜು ಕಳಿಸಲೆಂದು ಸೋಮವಾರ ಆಸ್ಪತ್ರೆಯೊಂದಕ್ಕೆ ಕೊಡಬೇಕಾದ ಸಾಫ್ಟ್‌ವೇರು ಅದು. ಟೆಸ್ಟಿಂಗ್ ಮುಗಿಯುವವರೆಗೆ ಎಲ್ಲ ಮೆಸೇಜೂ ಈ ಮೊಬೈಲಿಗೇ ಬರಲಿ ಅಂತ ಬರೆದಿದ್ದ ಕೋಡಿನ ಸಾಲನ್ನು ಬೆಳಿಗ್ಗೆ ತಾನೇ ಅಳಿಸಿದ್ದ. ಸುಳ್ಳು ರೋಗಿಗೊಂದು ಹೆಸರು ಹುಡುಕಲು ಸೋಮಾರಿತನವಾಗಿ ಮನೆ ಓನರಮ್ಮನ ಹೆಸರು, ಅವರ ಗಂಡನ ನಂಬರು ಹಾಕಿದ್ದು ಮಾತ್ರ ಹಾಗೇ ಉಳಿದಿತ್ತು. ಪರದೆ ಹೇಳುತ್ತಿತ್ತು: ‘ರೋಗಿ ನಾರಾಯಣಮ್ಮ ನಿಧನ. ಮೆಸೇಜು ಚಿಕ್ಕಬೈರಪ್ಪನವರಿಗೆ ತಲುಪಿದೆ.’

ಆ ನಂಬರಿಗೆ ಹತ್ತು ಸಲ ಫೋನ್ ಮಾಡಿದ. ರಿಂಗಾಗುತ್ತಿತ್ತು, ಯಾರೂ ಎತ್ತಲಿಲ್ಲ. ಆಟೊ ಹಿಡಿದು ಸುದ್ದಗುಂಟೆಪಾಳ್ಯಕ್ಕೆ ಬಂದವನೇ ಓನರ್ ಮನೆ ಬಾಗಿಲು ಬಡಿದ.

ನಾರಾಯಣಮ್ಮ ಬಿಡಿಸುತ್ತಿದ್ದ ಸೊಪ್ಪು ಹಿಡಿದುಕೊಂಡೇ ತೆರೆದರು. “ಯಾಕಪ್ಪ, ಹಿಂಗ್ ಬೆವರ್ತಿದೀಯಾ?”

“ಆಂಟಿ, ಅಂಕಲ್ ಎಲ್ಲಿ?”

“ಇಟ್ಟಮಡುಗೆ ಹೋಗವ್ರೆ, ಸ್ಕೂಟರ್‌ನಲ್ಲಿ. ಇಷ್ಟೊತ್ತಿಗೆ ಬರ್ಬೇಕಿತ್ತು.”

ಒಳಗೆ ನಾರಾಯಣಮ್ಮನ ಫೋನು ಹೊಡೆದುಕೊಂಡಿತು. ಅವರು ಹೋಗಿ ಎತ್ತಿಕೊಂಡರು. ಸಂಗಮೇಶ ಹೊಸಿಲ ಮೇಲೇ ನಿಂತ.

“ಹೂಂ, ಚಿಕ್ಕಬೈರಪ್ಪ ನಮ್ಮೆಜಮಾನ್ರೇ,” ಅಂದರು ನಾರಾಯಣಮ್ಮ. ಕೈಯಲ್ಲಿ ಇನ್ನೂ ಸೊಪ್ಪಿತ್ತು. “ಯಾವ್ ಆಸ್ಪತ್ರೆ ಸಾರ್?”