ಮೇಜರ್ ಸಾಹೇಬರ ಸಂದರ್ಶನ

“ಸುಳ್ಳು ಹೇಳಬ್ಯಾಡ,” ಎಂದಳು ವೃಂದಾ, ಕಾಲೇಜಿನ ಕಚೇರಿಯ ಹೊರಗೆ ಗಂಡನ ಟೈ ಬಿಗಿ ಮಾಡುತ್ತ. “ಕೇಳಿದ್ದಕ್ಕಷ್ಟ ಉತ್ತರ ಕೊಡು.”

ಟೈ ಆಗಲೇ ಸಾಕಷ್ಟು ಬಿಗಿಯಾಗಿತ್ತು. ಕೋಟಿನ ಗುಂಡಿಯಂತೂ ಹಾಕಿಕೊಂಡರೆ ಉಸಿರಿಲ್ಲ, ಉಸಿರಾಡಿದರೆ ಗುಂಡಿಯಿಲ್ಲ. ಆಶಿಷ್ ಉಸಿರನ್ನೇ ಆರಿಸಿಕೊಂಡ.

ಹದಿನೈದು ದಿನಗಳಲ್ಲಿ ಇದು ನಾಲ್ಕನೆಯ ಸಂದರ್ಶನ. ಮೊದಲನೆಯ ಕಡೆ “ಈ ಕೆಲಸ ನಿಮಗ ಭಾಳ ಸಣ್ಣದಾಗ್ತೈತ್ರಿ” ಎಂದು ಕೈಮುಗಿದಿದ್ದರು. ಎರಡನೆಯ ಕಡೆ “ರಾತ್ರಿ ರೌಂಡು ನಿಮಗ ಆಗೂದಿಲ್ಲ ಬಿಡ್ರಿ” ಎಂದಿದ್ದರು. ಮೂರನೆಯ ಕಡೆ ಫೈಲನ್ನು ತೆರೆಯಲೇ ಇಲ್ಲ, ಚಹಾ ಕುಡಿಸಿ ಕಳಿಸಿದರು. ಸೇನೆಯಲ್ಲಿ ಕಳೆದ ಹತ್ತು ವರ್ಷಕ್ಕೆ ಪಿಂಚಣಿ ಇರಲಿಲ್ಲ. ಬರುವಾಗ ಕೈಗೆ ಸಿಕ್ಕ ಇಡಿಗಂಟು ನವನಗರದ ಮನೆ ಬಾಡಿಗೆಯಲ್ಲಿ, ಮಗಳ ಶಾಲೆಯ ಫೀಯಲ್ಲಿ ಕರಗುತ್ತಿತ್ತು. ಸದ್ಯ ಮನೆಗೆ ಬರುತ್ತಿದ್ದುದೆಂದರೆ ಆಶಿಷ್ ಸಂಜೆ ಎಂಟು ಮಕ್ಕಳಿಗೆ ಹೇಳಿಕೊಡುವ ಗಣಿತದ ಟ್ಯೂಷನ್ ಹಣ. ಆ ಎಂಟರಲ್ಲಿ ಮೂವರು ಹೋದ ಪರೀಕ್ಷೆಯಲ್ಲಿ ಫೇಲಾಗಿದ್ದರು. ಅದೂ ಎಷ್ಟು ದಿನವೋ.

ಅದಕ್ಕೇ ಈ ಸಲ ವೃಂದಾ ತಾನೇ ಕೂತು ಅರ್ಜಿಯನ್ನು ಹೊಸದಾಗಿ ಟೈಪ್ ಮಾಡಿದ್ದಳು. ಮೊದಲ ಹಾಳೆಯ ಮೇಲೆ ಚುಟುಕಾಗಿ: ಮೇಜರ್ ವಿ. ಆಶಿಷ್ ದೇಸಾಯಿ, ನಿವೃತ್ತ.

ಹುಬ್ಬಳ್ಳಿ-ಧಾರವಾಡ ರಸ್ತೆಯ ಮೇಲಿನ ಖಾಸಗಿ ಕಾಲೇಜದು. ಹುದ್ದೆ ಭದ್ರತಾ ಮುಖ್ಯಸ್ಥರದು. ಒಳಗೆ ಬರುವಾಗ ಗೇಟಿನ ಕಾವಲುಗಾರ ಮುಕ್ತಾರ ಆಶಿಷ್‌ನ ಮೀಸೆ ನೋಡಿದ್ದೇ ತಡ, ಹಿಮ್ಮಡಿ ಜೋಡಿಸಿ ಸೆಲ್ಯೂಟ್ ಹೊಡೆದಿದ್ದ. ಆಶಿಷ್‌ನ ಬಲಗೈಯಲ್ಲಿ ಫೈಲಿತ್ತು. ಗಡಿಬಿಡಿಯಲ್ಲಿ ಎಡಗೈಯಿಂದಲೇ ತಿರುಗಿ ಹೊಡೆದ. ವೃಂದಾ ಒಂದು ಕ್ಷಣ ಕಣ್ಣು ಮುಚ್ಚಿಕೊಂಡಿದ್ದಳು.

ಈಗ ಪ್ಯೂನ್ ಬಾಗಿಲು ತೆರೆದ. “ಮೇಜರ್ ಸಾಹೇಬ್ರು ಒಳಗ ಬರಬೇಕಂತ್ರಿ. ಅಕ್ಕಾರ, ನೀವ್ ಇಲ್ಲೇ ಕೂಡ್ರಿ.”

ಆಶಿಷ್ ಹೆಂಡತಿಯ ಮುಖ ನೋಡಿದ. ಅವಳು ಗದ್ದದಿಂದಲೇ ಬಾಗಿಲು ತೋರಿಸಿದಳು. ಅವನು ನಡೆದ. ಆ ಗದ್ದ ತೋರಿಸಿದ ಕಡೆ ನಡೆಯುವುದು ಅವನಿಗೆ ಹೊಸದೇನಲ್ಲ.

ಒಳಗೆ ಇಬ್ಬರಿದ್ದರು. ಹತ್ತಿ ವ್ಯಾಪಾರದಲ್ಲಿ ಮೇಲೆ ಬಂದು ಕಾಲೇಜು ಕಟ್ಟಿಸಿದ ಚೇರ್ಮನ್ ಗುರುಬಸವ ಪಟ್ಟಣಶೆಟ್ಟರು, ಅವರ ಪಕ್ಕದಲ್ಲಿ ಪ್ರಿನ್ಸಿಪಾಲ್ ಸುಮಲತಾ. ಚೇರ್ಮನ್ನರು ಮೊದಲ ಹಾಳೆ ನೋಡಿ, ಫೈಲನ್ನು ಪ್ರಿನ್ಸಿಪಾಲರ ಕಡೆ ತಳ್ಳಿದರು.

“ನಾಕನೂರು ಹುಡಿಗ್ಯಾರ ಹಾಸ್ಟೆಲ್ ಐತ್ರಿ. ಹಿಂದಿನಾಂವ ಅವರ ಬಾಯಿಗೆ ಹೆದರಿ ಒಂದ ವಾರದಾಗ ಓಡಿಹೋದ. ನನಗ ಗಟ್ಟಿ ಆಳು ಬೇಕಾಗೇತಿ. ಎಲ್ಲೆಲ್ಲಿ ಇದ್ರಿ ನೀವು?”

“ಜೋಧಪುರ, ತೇಜಪುರ, ಪಠಾಣಕೋಟ್. ಲೇಹ್ ಪೋಸ್ಟಿಂಗ್ ಬಂದಾಗ ಎರಡು ವರ್ಷದಾಗ ಗಂಡ ಹೆಂಡತಿ ಮುಖಾ ನೋಡಿದ್ದು ನಾಕ ಸಲ.”

“ಹೆದರಿಕಿ ಆಗಲಿಲ್ಲೇನು?”

“ಭಾಳ ಆತ್ರಿ. ಹೊತ್ತಲ್ಲದ ಹೊತ್ತಿನ್ಯಾಗ ಫೋನ್ ಬಂದ್ರ ಕೈಕಾಲು ನಡಗ್ತಿದ್ವು.”

ಚೇರ್ಮನ್ನರು ಮೇಜು ಕುಟ್ಟಿದರು. “ಖರೇ ಸೈನಿಕ ಹಿಂಗ ಮಾತಾಡ್ತಾನ. ಎದಿ ಬಡಕೊಳ್ಳಾವ್ರು ಸಿನಿಮಾದಾಗ ಅಷ್ಟ. ಹಣಿ ಮ್ಯಾಲ ಅದೇನ್ರಿ, ಗಾಯದ ಕಲಿ?”

“ಟ್ರಂಕಿನ ಮುಚ್ಚಳ ಬಿತ್ರಿ. ತೇಜಪುರದಾಗ, ಸಾಮಾನು ಕಟ್ಟುವಾಗ.”

“ನೋಡ್ರಿ ಮೇಡಂ, ಗುಂಡಿನ ಗಾಯ ಹೆಂಗ ಮುಚ್ಚಿಡ್ತಾರ.”

ಆಶಿಷ್ ಕುರ್ಚಿಯ ತುದಿಗೆ ಸರಿದ. ಇದ್ದದ್ದನ್ನು ಇದ್ದಂತೆ ಹೇಳಿದಷ್ಟೂ ಅವನು ಚೇರ್ಮನ್ನರ ಕಣ್ಣಲ್ಲಿ ಒಂದೊಂದು ಗೇಣು ಬೆಳೆಯುತ್ತಿದ್ದ. ಹೀಗೇ ಬಿಟ್ಟರೆ ಹೊರಗೆ ಹೋಗುವಾಗ ಬಾಗಿಲಲ್ಲಿ ತಲೆ ತಾಗುವುದು ಖಂಡಿತ. “ಸರ, ಒಂದು ಮಾತು…” ಎಂದು ಶುರುಮಾಡಿದ. ಚೇರ್ಮನ್ನರು ಕೈಯೆತ್ತಿ ತಡೆದರು. ಈ ತಗ್ಗು ದನಿ, ಈ ವಿನಯ ತಮಗೆ ಹಿಡಿಸಿತೆಂದು ಮತ್ತೆ ಹೊಗಳತೊಡಗಿದರು.

ಅಷ್ಟರಲ್ಲಿ ಸುಮಲತಾ ಫೈಲಿನ ಎರಡನೆಯ ಹಾಳೆ ತಿರುವಿದ್ದರು. ಓದುತ್ತ ಒಂದು ಸಾಲಿನ ಮೇಲೆ ಬೆರಳಿಟ್ಟರು. ತಲೆಯೆತ್ತಿ ಆಶಿಷ್‌ನನ್ನು ನೋಡಿದರು. ಆಮೇಲೆ ಬಾಗಿಲಿನ ಗಾಜಿನಾಚೆ, ಬೆಂಚಿನ ಮೇಲೆ ಬೆನ್ನು ನೆಟ್ಟಗೆ ಮಾಡಿ ಕೂತಿದ್ದ ವೃಂದಾಳನ್ನು ನೋಡಿದರು.

“ಹೊರಗ ಕೂತವರು ನಿಮ್ಮ ಮನಿಯವ್ರೇನ್ರಿ?”

“ಹೌದ್ರಿ.”

“ಅವರಿಗೂ ಸೇನಾದ ರೀತಿ ರಿವಾಜು ಎಲ್ಲಾ ಗೊತ್ತಿರಬೇಕಲ್ಲ?”

“ನನಗಿಂತಾ ಛಲೋ ಗೊತ್ತದ್ರಿ.”

ಚೇರ್ಮನ್ನರು ನಕ್ಕರು. “ಎಲ್ಲಾರ ಮನ್ಯಾಗೂ ಹಂಗ ಐತಿ ಬಿಡ್ರಿ. ನನ್ನ ವ್ಯಾಪಾರ ನನಗಿಂತ ನಮ್ಮನಿಯಾಕಿಗೇ ಹೆಚ್ಚು ತಿಳೀತೈತಿ.”

ಸುಮಲತಾ ನಗಲಿಲ್ಲ. ಫೈಲು ಮುಚ್ಚಿ, ನೇಮಕಾತಿ ಪತ್ರವನ್ನು ಮುಂದಕ್ಕೆಳೆದುಕೊಂಡರು. “ಸರ, ಇಂಥಾ ಅಭ್ಯರ್ಥಿ ಮತ್ತ ಸಿಗೂದಿಲ್ರಿ. ಪೂರ್ತಿ ಹೆಸರು ನಾ ತುಂಬತೀನಿ, ನೀವು ಸಹಿ ಮಾಡ್ರಿ.”

ಅವರು ಬರೆದರು. ಚೇರ್ಮನ್ನರು ಕನ್ನಡಕ ಹುಡುಕುವ ಗೋಜಿಗೆ ಹೋಗದೆ ಸಹಿ ಎಳೆದು, ಮೊಹರು ಒತ್ತಿ, ಎದ್ದು ನಿಂತು ಕೈ ಚಾಚಿದರು.

“ಗುರುಬಸವ ಸಹಿ ಹಾಕಿದ ಮ್ಯಾಲ ಮಾತು ತಿರಗಸೂದಿಲ್ಲ. ಹತ್ತಿ ಪ್ಯಾಟಿಗೆಲ್ಲಾ ಗೊತ್ತೈತಿ. ಸೋಮವಾರ ಮುಂಜಾನಿ ಆರಕ್ಕ ಬಂದು ಚಾರ್ಜ್ ತಗೊಂತೀರಲ್ಲ, ಮೇಜರ್ ಸಾಹೇಬ್ರ?”

ಆಶಿಷ್ ಪತ್ರವನ್ನು ಎರಡೂ ಕೈಯಿಂದ ತೆಗೆದುಕೊಂಡ. ಹೆಸರಿನ ಸಾಲನ್ನು ಎರಡು ಸಲ ಓದಿದ. ಬರೀ ‘ವಿ.’ ಇದ್ದದ್ದು ಅಲ್ಲಿ ಪೂರ್ತಿ ಹೆಸರಾಗಿತ್ತು. ಮೊದಲ ಬಾರಿಗೆ ಅವನ ಉಸಿರು ಸರಾಗವಾಯಿತು. ಬಾಗಿಲವರೆಗೆ ಹೋಗಿ, ಅದನ್ನು ಪೂರ್ತಿ ತೆರೆದು ಹಿಡಿದ.

“ವೃಂದಾ, ಒಳಗ ಬಾ. ಮೇಜರ್ ಸಾಹೇಬರನ್ನ ಕೇಳಲಿಕ್ಕತ್ತಾರ.”