ಯಾವ ಕೈ?

“ಹೊಸದಾಗಿ ಕಲಿಯೋರಿಗೆ ಇದೇ ಸಾಕು ಮೇಡಂ. ನೈಲಾನ್ ತಂತಿ, ಬೆರಳು ಕೊಯ್ಯಲ್ಲ. ರೇಟೂ ಕಮ್ಮಿ,” ಎಂದು ಅಂಗಡಿಯವನು ಗಿಟಾರನ್ನು ಹುಡುಗಿಯ ಕಡೆ ಚಾಚಿದ. ಅವಳು ಎಡಗೈ ಮುಂದೆ ಮಾಡಿದಳು.

“ಯಾವ ಕೈ?” ಎಂದಳು ತಾಯಿ.

ಹುಡುಗಿ ತಟ್ಟನೆ ಕೈ ಬದಲಿಸಿ, ಬಲಗೈಯಲ್ಲಿ ಈಸಿಕೊಂಡಳು. ಆದರೆ ಕೂತು ತೊಡೆಯ ಮೇಲೆ ಇಟ್ಟುಕೊಂಡಾಗ ಗಿಟಾರಿನ ಕತ್ತು ಬಲಕ್ಕೇ ತಿರುಗಿತು, ಎಡಗೈ ತಂತಿ ಮೀಟಲು ಬಂತು.

ಅಂಗಡಿಯವನು ನಕ್ಕ. “ಓ, ಎಡಚೀನಾ? ಚಿಂತೆ ಇಲ್ಲ. ತಂತಿ ಬಿಚ್ಚಿ ತಿರುವುಮುರುವು ಹಾಕ್ಕೊಡ್ತೀನಿ.”

“ನಮ್ಮನೇಲಿ ಎಡಚರು ಯಾರೂ ಇಲ್ಲ.” ತಾಯಿಯ ದನಿಗೆ ಅವನ ನಗು ಅಲ್ಲೇ ನಿಂತಿತು. “ಊಟ, ಬರವಣಿಗೆ ಎಲ್ಲಾ ತಿದ್ದಿದೀನಿ. ಇದನ್ನೂ ತಿದ್ತೀನಿ.”

“ಆ ಕಡೆ ಬರಲ್ಲಮ್ಮಾ...” ಹುಡುಗಿಯ ಕಣ್ಣು ತುಂಬಿತ್ತು.

“ಬರಲ್ಲ ಅಂದ್ರೆ? ಕೈ ಮೇಲೆ ಎರಡು ಬಿದ್ರೆ ಎಲ್ಲಾ ಬರತ್ತೆ. ಕೊಡು ಇಲ್ಲಿ, ಹೇಗೆ ಹಿಡಿಯೋದು ಅಂತ ತೋರಿಸ್ತೀನಿ.”

ತಾಯಿ ಗಿಟಾರನ್ನು ಕಿತ್ತುಕೊಂಡಳು. ಬಳೆಗಳು ಹಿಂದೆ ಸರಿದು ಎಡ ಮಣಿಕಟ್ಟಿನ ಮೇಲೆ ಹಾಕಿದ್ದ ಹಳೆಯ ಬರೆಯ ಗುರುತು ಕಂಡಿತು. ಜೀವಮಾನದಲ್ಲಿ ಅವಳು ಗಿಟಾರು ಮುಟ್ಟಿದ್ದು ಅದೇ ಮೊದಲು. ಸ್ಟೂಲಿನ ಮೇಲೆ ಕೂತು, ಅದನ್ನು ತೊಡೆಗೆ ಏರಿಸಿಕೊಂಡು, ತಂತಿಗಳನ್ನು ಒಮ್ಮೆ ಜೋರಾಗಿ ಮೀಟಿದಳು.

“ಹೀಗೆ. ಗೊತ್ತಾಯ್ತಾ?”

ಅಂಗಡಿಯವನು ತಲೆ ತಗ್ಗಿಸಿದ. ಹುಡುಗಿ ಕಣ್ಣೊರೆಸಿಕೊಂಡು ನೋಡಿದಳು.

“ಅಮ್ಮಾ,” ಎಂದಳು ಮೆಲ್ಲಗೆ, “ಯಾವ ಕೈ?”