ಯಾರೂ ಇಲ್ಲದ ಬೀದಿ

ಹತ್ತಿ ಸುತ್ತಿದ ಕಡ್ಡಿ ಕಪ್ಪಾಗುತ್ತ ಹೋದಂತೆ ಬೀದಿಗೆ ಬೆಳಗಾಗುತ್ತ ಬಂತು. ಮೊದಲು ಒಂದು ನೀಲಿ ಬಾಗಿಲು, ಆಮೇಲೆ ದೀಪದ ಕಂಬ, ಅದರ ಬುಡದಲ್ಲಿ ಮಳೆಗೆ ನೆಂದ ಕಲ್ಲುಹಾಸು. ಹಳೆಯ ತೈಲಚಿತ್ರಗಳ ಹೊಗೆ, ಕೊಳೆ ತೆಗೆಯುವ ವರ್ತಾನ್ ಅವರ ಗ್ಲೆಂಡೇಲ್ ಸ್ಟುಡಿಯೋದಲ್ಲಿ ಕಮರ್‌ಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ.

“ಸಾಜಿದಾ, ಆಕಾಶ ನೋಡು! ಇಷ್ಟು ದಿನ ಮಣ್ಣಿನ ಬಣ್ಣ ಅಂದ್ಕೊಂಡಿದ್ವಲ್ಲ!”

“ನೋಡ್ತಿದೀನ್ರೀ. ಅವರ ಮೊಣಕೈಗೆ ತಾಗಬೇಡಿ,” ಎಂದಳು ಹೆಂಡತಿ. ಹಾಗೆನ್ನುವಾಗ ಅವಳೂ ಎದ್ದು ನಿಂತಿದ್ದಳು. ಉರ್ದುವಿನಲ್ಲಿ ಮಾತಾಡಿದರೆ ಇರಾನಿನಿಂದ ಬಂದ ವರ್ತಾನ್‌ಗೆ ಅರ್ಧ ತಿಳಿದುಬಿಡುತ್ತದೆಂದು ಬೆಳಗಿನಿಂದ ಇಬ್ಬರದೂ ಮೈಸೂರಿನ ಕನ್ನಡವೇ.

ಅದು ಫ್ರೆಂಚ್ ತೈಲಚಿತ್ರ. ಮೂಲೆಯಲ್ಲಿ 1908 ಎಂದಿದೆ, ಬರೆದವರ ಹೆಸರಿಲ್ಲ. ಐದು ವರ್ಷದ ಹಿಂದೆ, 2001ರಲ್ಲಿ, ತೀರಿಕೊಂಡವರ ಮನೆಯ ಸಾಮಾನು ಮಾರುವ ಒಂದು ಎಸ್ಟೇಟ್ ಸೇಲಿನಲ್ಲಿ ಕೊಂಡದ್ದು. ಪೋರ್ಟರ್ ರ್ಯಾಂಚಿನ ಇವರ ಮನೆಯ ಹಾಲಿನಲ್ಲಿ ಅದಕ್ಕೆ ಸಿಕ್ಕ ಜಾಗ, ಮನೆಯವರು ನಮಾಜಿಗೆ ಮುಖ ಮಾಡಿ ನಿಲ್ಲುವ ಗೋಡೆ. ಸಾಜಿದಾ ಒಂದೇ ಷರತ್ತು ಹಾಕಿದ್ದಳು: ನಮಾಜಿನ ಎದುರು ಜೀವಿಗಳ ಚಿತ್ರ ಸಲ್ಲದು, ಅದರಲ್ಲಿ ಮನುಷ್ಯರಾಗಲಿ ಪ್ರಾಣಿಯಾಗಲಿ ಇರಕೂಡದು, ಇದ್ದರೆ ಗ್ಯಾರೇಜಿಗೆ. ಕಮರ್ ಭೂತಗನ್ನಡಿ ಹಿಡಿದು ಹುಡುಕಿದ್ದ. ಬೆಕ್ಕಿರಲಿಲ್ಲ, ಗುಬ್ಬಿಯೂ ಇರಲಿಲ್ಲ.

ವರ್ತಾನ್ ಹೊಸ ಕಡ್ಡಿ ತೆಗೆದುಕೊಂಡು ಬೀದಿಯ ಕೊನೆಯ ನೆರಳಿಗೆ ಬಂದರು. ಅವರ ಕೈ ತಡೆಯಿತು. “ಇಲ್ಲಿ ಯಾರೋ ಇದ್ದಾರೆ,” ಎಂದರು ಇಂಗ್ಲಿಷಿನಲ್ಲಿ.

ಕಮರ್‌ನ ಬಾಯಿ ಹೆಂಡತಿಯ ಕಿವಿಯ ಹತ್ತಿರ ಬಂತು. “ಸಾಕು ಅನ್ನೋಣ. ಆ ಒಂದು ಮೂಲೆ ಹೊಗೆ ಹಾಗೇ ಇರ್ಲಿ. ಏನ್ ಗಂಟು ಹೋಗತ್ತೆ?”

“ಇದಾರೆ ಅಂತ ಗೊತ್ತಾದ್ಮೇಲೂ ಇಲ್ಲ ಅನ್ನೋದಾ? ನಮಾಜಿನ ಗೋಡೆ ಮೇಲೆ ಸುಳ್ಳು ನೇತುಹಾಕ್ತೀರಾ?” ಸಾಜಿದಾ ವರ್ತಾನ್ ಕಡೆ ತಿರುಗಿ, ಮುಂದುವರಿಸಿ ಎಂದು ಕೈಸನ್ನೆ ಮಾಡಿದಳು.

ಕಡ್ಡಿ ಮತ್ತೆ ಉರುಳಿತು. ಹೊಗೆಯೊಳಗಿಂದ ಒಂದು ಕಪ್ಪು ಲಂಗ ಬಂತು. ಸೊಂಟ. ಕಂಕುಳಲ್ಲಿ ಬ್ರೆಡ್ಡು. ಕಿರುಬೆರಳಿನ ಉಗುರಿನಷ್ಟು ಎತ್ತರದ ಹೆಂಗಸು, ಇತ್ತ ಬೆನ್ನು ಮಾಡಿ ಬೀದಿಯ ಆಚೆ ತುದಿಗೆ ಹೊರಟಿದ್ದಳು. ಮೂವರ ತಲೆಗಳೂ ಒಂದಕ್ಕೊಂದು ತಾಗುವಷ್ಟು ಬಾಗಿದವು.

“ಎಷ್ಟು ಚೆನ್ನಾಗಿದಾಳೆ!” ಕಮರ್‌ನ ಬಾಯಿಂದ ಬಂದೇಬಿಟ್ಟಿತು. ತಕ್ಷಣ ನಾಲಿಗೆ ಕಚ್ಚಿಕೊಂಡ. “ಹಾಗಾದ್ರೆ... ಗ್ಯಾರೇಜಾ?”

“ಗ್ಯಾರೇಜ್ ಯಾಕೆ? ಊಟದ ಟೇಬಲ್ ಹತ್ರ ಹಾಕೋಣ. ಆ ಗೋಡೆ ಮೇಲೆ ಮಾತ್ರ ಇನ್ನು ಆಗಲ್ಲ.” ಸಾಜಿದಾ ಚಿತ್ರದಿಂದ ಕಣ್ಣು ಕೀಳಲಿಲ್ಲ. ಅವಳ ದನಿ ಇಳಿಯಿತು. “ಆದ್ರೂ ಅವಳ ಮುಖ ಯಾವ ಕಡೆಗಿದೆ ನೋಡ್ರೀ. ಐದು ವರ್ಷದಿಂದ ನಮಾಜಿಗೆ ನಮ್ಮ ಮುಂದಿನ ಸಾಲಲ್ಲೇ ನಿಂತಿದ್ದಾಳೆ.”